ಕಲ್ಲಚ್ಚಿನ ಮೋಗ್ಲಿಂಗ್



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ನಾನು ಬರೆದ ಪುಟವನ್ನು ಯಾರೂ ಪೂರ್ತಿ ಓದಲಿಲ್ಲ. ಓದೋದಾದ್ರೂ ಹೆಂಗೆ? ಡ್ರಾಯಿಂಗ್ ಶೀಟನ್ನು ಅಡ್ಡ ಇಟ್ಟು, ಈ ತುದಿಯಿಂದ ಆ ತುದಿವರೆಗೆ ಸಾಲು ಬರೆದಿದ್ದೆ. ಒಂದು ಸಾಲು ಓದಿ ಹಿಂದೆ ಬರೋ ಹೊತ್ತಿಗೆ ಮುಂದಿನ ಸಾಲು ಯಾವುದು ಅಂತಲೇ ಗೊತ್ತಾಗ್ತಿರಲಿಲ್ಲ. ಅಂಚು ಬಿಡದೆ ಕೊನೇ ಅಕ್ಷರಗಳು ಅಂಟಿನಡಿ ಮುಚ್ಚಿಹೋದವು. ಬೇಜಾರಾಗಿ ಕೂತಿದ್ದಾಗ ಮೇಷ್ಟ್ರು ಮೋಗ್ಲಿಂಗ್ ಅವರ ಬಗ್ಗೆ ಹೇಳಿದರು. ಅದನ್ನೇ ಇಲ್ಲಿ ಬರೆದಿದ್ದೇನೆ.

ಹರ್ಮನ್ ಮೋಗ್ಲಿಂಗ್ 1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. ನಮ್ಮ ಶೃಂಗೇರಿಯಿಂದ ಘಟ್ಟ ಇಳಿದು ಕಾರ್ಕಳ ದಾಟಿದರೆ ಸಿಗುವ ಮಂಗಳೂರೇ ಅದು. ಧರ್ಮ ಪ್ರಚಾರಕ್ಕೆ ಬಂದವರು ಕನ್ನಡ ಕಲಿತು, ಕನ್ನಡ ಕಾವ್ಯಗಳಿಗೆ ಮನಸೋತರು.

ಆಗ ನಮ್ಮ ಕಾವ್ಯಗಳು ಹೆಚ್ಚಾಗಿ ಓಲೆಗರಿಯಲ್ಲೇ ಇದ್ದವು. ಶೃಂಗೇರಿ ಮಠದಲ್ಲಿ ಅಂಥ ಗ್ರಂಥಗಳು ಈಗಲೂ ಇವೆ. ಗರಿ ಬಹಳ ಉದ್ದ, ಅಗಲ ಕಡಿಮೆ. ಅದಕ್ಕೇ ಉದ್ದುದ್ದ ಸಾಲು ಬರೆಯುತ್ತಿದ್ದರು. ಗರಿಗೆ ಕೆಲವೇ ಸಾಲು ಇರೋದ್ರಿಂದ ಕಣ್ಣು ತಪ್ಪುತ್ತಿರಲಿಲ್ಲ. ದಾರ ಪೋಣಿಸುವ ತೂತಿನ ಸುತ್ತ ಜಾಗ ಬಿಡುತ್ತಿದ್ದರು. ಆದರೆ ಇನ್ನೊಂದು ಪ್ರತಿ ಬೇಕಂದ್ರೆ ಮತ್ತೆ ಮೊದಲಿಂದ ಬರೀಬೇಕಿತ್ತು.

ಮಂಗಳೂರಲ್ಲಿ 1841ರಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣ ಶುರುವಾಯಿತು. ಕಲ್ಲಚ್ಚಿನಲ್ಲಿ ಎಣ್ಣೆಜಿಡ್ಡಿನ ಮಸಿಯಿಂದ ನುಣುಪಾದ ಕಲ್ಲಿನ ಮೇಲೆ ಬರೆಯುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ, ನೀರಿರುವಲ್ಲಿ ಮಸಿ ಹಿಡಿಯುವುದಿಲ್ಲ, ಅಕ್ಷರಕ್ಕೆ ಮಾತ್ರ ಹಿಡಿಯುತ್ತದೆ. ಕಲ್ಲಿನ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಇರಬೇಕು. ಇಲ್ಲವೇ ಬೇರೆ ಕಾಗದದಲ್ಲಿ ನೇರವಾಗಿ ಬರೆದು ಕಲ್ಲಿಗೆ ಒತ್ತಬೇಕು. ಅಂದರೆ ಅದೂ ನಮ್ಮ ಗೋಡೆ ಪತ್ರಿಕೆ ಥರ ಕೈಬರಹವೇ! ಸಾಲು ಸೊಟ್ಟಗಾದರೆ ಎಲ್ಲಾ ಪ್ರತಿಯಲ್ಲೂ ಸೊಟ್ಟಗೇ ಬರುತ್ತದೆ.

ಹೀಗೆ ಕಲ್ಲಚ್ಚಿನಲ್ಲೇ 1843ರ ಜುಲೈ 1ರಂದು ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದರು. ಅದು 15 ದಿನಕ್ಕೊಮ್ಮೆ ಬರುತ್ತಿತ್ತು. ಮಾರನೇ ವರ್ಷ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವಾಯಿತು. ಆಮೇಲೆ ಮೋಗ್ಲಿಂಗ್ ಹಳೆಯ ಪ್ರತಿಗಳನ್ನು ಕೂಡಿಸಿ ಪುಸ್ತಕಗಳನ್ನೂ ಅಚ್ಚು ಹಾಕಿಸಿದರು. ನಮ್ಮ ಜಿಲ್ಲೆಯ ದೇವನೂರಿನ ಲಕ್ಷ್ಮೀಶ ಕವಿಯ ಜೈಮಿನಿ ಭಾರತ, ದಾಸರ ಪದಗಳು ಅವುಗಳಲ್ಲಿ ಸೇರಿವೆ. ಈ ಸೇವೆಗೆ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಊರಿಗೆ ಮರಳಿದ ಅವರು 1881ರಲ್ಲಿ ತೀರಿಕೊಂಡರು. ಜುಲೈ 1ನ್ನು ಈಗಲೂ ನಾವು ಪತ್ರಿಕಾ ದಿನವಾಗಿ ಆಚರಿಸುತ್ತೇವೆ.

ಈ ಸಲ ನಾನು ಹಾಳೆಯನ್ನು ಉದ್ದುದ್ದ ಇಟ್ಟಿದ್ದೇನೆ. ನಾಲ್ಕೂ ಕಡೆ ಎರಡು ಬೆರಳು ಅಂಚು ಬಿಟ್ಟಿದ್ದೇನೆ. ಎಡಗಡೆ ಎಲ್ಲಾ ಸಾಲೂ ಒಂದೇ ಗೆರೆಯಿಂದ ಶುರು. ಬಲಗಡೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ಪದ ಒಡೆದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದ ಹಾಗೆ ಅಂತರ ಇಟ್ಟಿದ್ದೇನೆ.

ಇಲ್ಲಿವರೆಗೂ ಓದಿದ್ದೀರಾ? ಹಾಗಾದ್ರೆ ನನ್ನ ಶ್ರಮ ಸಾರ್ಥಕ. ತಪ್ಪಿದ್ದರೆ ತಿದ್ದಿ.