ಅಂಬಿಕಾತನಯದತ್ತರ ಎಣಿಕೆ

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಜನಿಸಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆಮಾತು ಮರಾಠಿ, ಬೀದಿಯ ಮಾತು ಕನ್ನಡ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ಕನ್ನಡಿಗರ ಬಾಳಿನಲ್ಲಿ ಈ ಕ್ರಮ ತಿರುವುಮುರುವಾಗಿದೆ. ಆದುದರಿಂದಲೇ ಈ ಕವಿಯ ದ್ವಿಭಾಷಿಕ ಬದುಕು ಅವರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ತಾಯಿ ಅಂಬವ್ವನ ಹೆಸರನ್ನೇ ತಮ್ಮ ಕಾವ್ಯನಾಮವಾಗಿಸಿಕೊಂಡರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಧಾರವಾಡಕ್ಕೆ ಹಿಂದಿರುಗಿ ಶಿಕ್ಷಕರಾದರು. ಗೆಳೆಯರ ಗುಂಪನ್ನು ಕಟ್ಟಿದರು.

'ಗರಿ' ಸಂಕಲನ ಪ್ರಕಟವಾದದ್ದು 1932ರಲ್ಲಿ. ಅದರಲ್ಲಿದ್ದ 'ನರಬಲಿ' ಕವಿತೆಗಾಗಿ ಬ್ರಿಟಿಷ್ ಸರಕಾರ ಕವಿಯನ್ನು ಹಿಂಡಲಗಿಯ ಸೆರೆಮನೆಗೆ ಕಳಿಸಿತು. ಬಿಡುಗಡೆಯಾದ ಮೇಲೂ ಬಹುಕಾಲ ನೆಲೆಯಾದ ಉದ್ಯೋಗವಿರಲಿಲ್ಲ. ಅಂಥದೊಂದು ದೊರೆತದ್ದು 1944ರಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ. ಬಡತನಕ್ಕಿಂತಲೂ ಕಠಿಣವಾದದ್ದು ಮಕ್ಕಳ ಸಾವು. ಒಂದಾದ ಮೇಲೊಂದರಂತೆ ಹಲವು ಎಳೆಯ ಜೀವಗಳು ಆ ಮನೆಯಿಂದ ಹೊರಟುಹೋದವು. ಸತ್ತ ಮಗುವಿನ ಎದುರು ಹೆಂಡತಿಯ ದೃಷ್ಟಿಯನ್ನು ಎದುರಿಸಲಾರದ ಗಂಡಸಿನ ಸಂಕಟ ಅವರ ಪ್ರಸಿದ್ಧ ಕವಿತೆಯೊಂದರ ವಸ್ತು. ಇಷ್ಟನ್ನು ಕಂಡ ಮನುಷ್ಯ ದೇವರ ಒಲವನ್ನು ನಂಬಿದ್ದು ಹೇಗೆ? ನಂಬಿಕೆ ಅವರಿಗೆ ಸುಲಭವಾಗಿ ಒದಗಿದ ಆಸ್ತಿಯಾಗಿರಲಿಲ್ಲ ಎಂಬುದಕ್ಕೆ 1937ರ 'ಸಖೀಗೀತ'ವೇ ಸಾಕ್ಷಿ. ದಾಂಪತ್ಯದ ಕಹಿಯನ್ನು ಮುಚ್ಚಿಡದೆ ಒಲವನ್ನು ಕಾಣುವ ಕಾವ್ಯ ಅದು. ಅರವಿಂದರ ಚಿಂತನೆ ಅವರಿಗೆ ಒಂದು ಭಾಷೆಯನ್ನು ಕೊಟ್ಟಿತು. ಅನುಭವ ಮಾತ್ರ ಸ್ವಂತದ್ದು.

ಇಳಿವಯಸ್ಸಿನಲ್ಲಿ ಅವರು ಅಂಕೆಗಳ ಬೆನ್ನು ಹತ್ತಿದರು. 441 ಎಂಬ ಸಂಖ್ಯೆ ಅವರಿಗೆ ಅತಿ ಪ್ರಿಯವಾಗಿತ್ತು. ಅದು 21ರ ವರ್ಗ; ಒಂದರಿಂದ ಆರರವರೆಗಿನ ಸಂಖ್ಯೆಗಳ ಘನಗಳ ಮೊತ್ತವೂ ಅದೇ. ಕವಿತೆ ಕೇಳಲು ಬಂದವರು ಲೆಕ್ಕ ಕೇಳಿ ತಬ್ಬಿಬ್ಬಾದರು. ವಿಮರ್ಶಕರಲ್ಲಿ ಕೆಲವರು ಮುಜುಗರಪಟ್ಟರು, ಕೆಲವರು ಮುದಿತನದ ಹುಚ್ಚೆಂದು ಬದಿಗಿಟ್ಟರು. ಪ್ರಯೋಗದಿಂದ ಸಿದ್ಧಪಡಿಸಬಹುದಾದ ಅರ್ಥದಲ್ಲಿ ಅದು ವಿಜ್ಞಾನವಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಹುಚ್ಚೆಂದು ಕೈತೊಳೆದುಕೊಳ್ಳುವುದು ಕಾವ್ಯವನ್ನೇ ಅರಿಯದವರ ಮಾತು.

ಏಕೆಂದರೆ ಛಂದಸ್ಸೇ ಒಂದು ಎಣಿಕೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡು ಮಾತ್ರೆಯ ಗಣ ಎರಡು ಬಗೆ, ಮೂರು ಮಾತ್ರೆಯದು ಮೂರು ಬಗೆ, ನಾಲ್ಕರದು ಐದು, ಐದರದು ಎಂಟು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಪಶ್ಚಿಮದಲ್ಲಿ ಫಿಬೊನಾಚಿಯ ಹೆಸರಿನಿಂದ ಪ್ರಸಿದ್ಧವಾದ ಈ ಸರಣಿ ಅವನಿಗಿಂತ ಮೊದಲೇ ಹೇಮಚಂದ್ರನಂತಹ ನಮ್ಮ ಛಂದಶ್ಶಾಸ್ತ್ರಜ್ಞರಿಗೆ ತಿಳಿದಿತ್ತು. ಕನ್ನಡದಲ್ಲಿ ನಾಗವರ್ಮನ 'ಛಂದೋಂಬುಧಿ'ಯೂ ಪ್ರಸ್ತಾರದ ಲೆಕ್ಕವನ್ನು ಕಲಿಸುತ್ತದೆ. ಜಾನಪದದ ಲಯವನ್ನು ಕಿವಿಯಲ್ಲೇ ತೂಗಿ ನೋಡಿದ ಬೇಂದ್ರೆಯವರಿಗೆ ನಾದದೊಳಗಿನ ಲೆಕ್ಕ ಹೊರಗಿನಿಂದ ಬಂದ ವಿದ್ಯೆಯಾಗಿರಲಿಲ್ಲ. ಪದ್ಯಕ್ಕೆ ಲಯ ಕೊಟ್ಟ ಸಂಖ್ಯೆಯೇ ಸೃಷ್ಟಿಗೂ ಲಯ ಕೊಟ್ಟಿರಬೇಕು, ಆ ಲಯವೇ ದೇವರ ಒಲವು ಎಂಬುದು ಅವರ ದರ್ಶನವಾಗಿತ್ತು. ಅದನ್ನು ಗಣಿತದ ಸಿದ್ಧಾಂತವೆಂದು ಮಂಡಿಸಹೊರಟಲ್ಲಿ ಅವರು ಎಡವಿದರು. ಕವಿತೆಯಾಗಿ ಹಾಡಿದಲ್ಲಿ ಎಡವಲಿಲ್ಲ.

1964ರ 'ನಾಕು ತಂತಿ'ಯಲ್ಲಿ ಎಣಿಕೆ ಮತ್ತು ಒಲವು ಒಂದೇ ವಾದ್ಯದಲ್ಲಿ ಮಿಡಿದವು. ಅದಕ್ಕೆ ಸಂದ 1973ರ ಜ್ಞಾನಪೀಠ ಪ್ರಶಸ್ತಿಯನ್ನು ಅವರು ಒಡಿಯಾ ಲೇಖಕ ಗೋಪೀನಾಥ ಮಹಾಂತಿಯವರೊಂದಿಗೆ ಹಂಚಿಕೊಂಡರು. ಪ್ರಶಸ್ತಿಯ ಬಳಿಕವೂ ಅಂಕೆಗಳ ಧ್ಯಾನ ನಿಲ್ಲಲಿಲ್ಲ.

ಕೊನೆಯ ದಿನಗಳಲ್ಲಿ ಚಿಕಿತ್ಸೆಗಾಗಿ ಅವರನ್ನು ಮುಂಬಯಿಗೆ ಕರೆತರಲಾಯಿತು. 1981ರ ಅಕ್ಟೋಬರ್ 26ರಂದು, ತಮ್ಮ ಮನೆಮಾತೇ ಊರಮಾತಾಗಿದ್ದ ಆ ನಗರದ ಆಸ್ಪತ್ರೆಯೊಂದರಲ್ಲಿ ಸಾಧನಕೇರಿಯ ಕವಿ ಕಣ್ಮುಚ್ಚಿದರು. ಆಗ ಅವರಿಗೆ 85 ವರ್ಷ.