ರಾಮನಗರಕ್ಕೆ ಮಣಿಸರ ತಂದ ರಾಜಕುಮಾರಿ

1950ರ ದಶಕದ ಆರಂಭದಲ್ಲಿ, ಅಂದಿನ ಮೈಸೂರು ರಾಜ್ಯದ ರಾಮನಗರ ಸೀಮೆಯ ಗೃಹಿಣಿಯರ ಕೈಗೆ ವಿಚಿತ್ರವಾದ ಮಣಿಸರವೊಂದು ಬಂದಿತು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗಬೇಕು. ಹಸಿರು ಮಣಿ ಬಂದ ದಿನ ದಂಪತಿಗಳು ಕೂಡಬಹುದು. ಕೆಂಪು ಬಂದ ದಿನ ಸಂಯಮ ಪಾಲಿಸಬೇಕು. ಮಾತ್ರೆಯಿಲ್ಲ, ಸಾಧನವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಈ ಪ್ರಯೋಗದ ಬೆನ್ನಿಗೆ ನಿಂತವರು ಸ್ವತಂತ್ರ ಭಾರತದ ಪ್ರಥಮ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್.

1880ರ ದಶಕದಲ್ಲಿ ಲಖನೌದಲ್ಲಿ ಜನಿಸಿದ ಅಮೃತ್ ಕೌರ್ ಕಪೂರ್ತಲಾ ರಾಜಮನೆತನದ ಕುಡಿ. ತಂದೆ ಹರ್ನಾಮ್ ಸಿಂಗ್ ಕ್ರೈಸ್ತಧರ್ಮ ಸ್ವೀಕರಿಸಿದ್ದರು. ತಾಯಿ ಪ್ರಿಸಿಲ್ಲಾ ಬಂಗಾಳಿ ಮೂಲದ ಧರ್ಮಪ್ರಚಾರಕರ ಮಗಳು. ಇಂಗ್ಲೆಂಡಿನಲ್ಲಿ ಓದಿ ಮರಳಿದ ಆಕೆ ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ, ಅರಮನೆಯ ಸುಖ ತೊರೆದು, ಹಲವು ವರ್ಷ ಅವರ ಕಾರ್ಯದರ್ಶಿಯಾಗಿ ದುಡಿದರು. ಮದುವೆಯಾಗಲಿಲ್ಲ.

ಜನನ ನಿಯಂತ್ರಣದ ವಿಚಾರದಲ್ಲಿ 1930 ಮರೆಯಲಾಗದ ವರ್ಷ. ಮೈಸೂರು ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿ ಜಗತ್ತಿಗೇ ಮುಂದಾಯಿತು. ಅದೇ ಡಿಸೆಂಬರ್ 31ರಂದು ಪೋಪ್ 11ನೆಯ ಪಯಸ್ ವಿವಾಹದ ಕುರಿತ ವಿಶ್ವಪತ್ರದಲ್ಲಿ ಕೃತಕ ಗರ್ಭನಿರೋಧವನ್ನು ಪಾಪವೆಂದು ಸಾರಿದರು. ಕಥೋಲಿಕ ದಂಪತಿಗಳಿಗೆ ಉಳಿದ ದಾರಿ ಒಂದೇ: ಗಂಭೀರ ಕಾರಣಗಳಿದ್ದರೆ ಫಲವತ್ತತೆಯ ದಿನಗಳಲ್ಲಿ ದೂರವಿರುವುದು. 1951ರ ಅಕ್ಟೋಬರಿನಲ್ಲಿ 12ನೆಯ ಪಯಸ್ ಇಟಲಿಯ ಸೂಲಗಿತ್ತಿಯರ ಸಭೆಯಲ್ಲಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದರು.

ಅಮೃತ್ ಕೌರ್ ಕಥೋಲಿಕರಲ್ಲ, ಪ್ರಾಟೆಸ್ಟೆಂಟ್ ಪಂಥದವರು. ರೋಮಿನ ಅಪ್ಪಣೆ ಅವರನ್ನು ಕಟ್ಟಿಹಾಕುವಂತಿರಲಿಲ್ಲ. ಅವರನ್ನು ಅದೇ ದಾರಿಗೆ ತಂದದ್ದು ಸೇವಾಗ್ರಾಮ. 1935ರಲ್ಲಿ ವಾರ್ಧಾಕ್ಕೆ ಬಂದ ಮಾರ್ಗರೆಟ್ ಸ್ಯಾಂಗರ್ ಎಷ್ಟು ವಾದಿಸಿದರೂ ಗಾಂಧೀಜಿ ಗರ್ಭನಿರೋಧಕ ಸಾಧನಗಳನ್ನು ಒಪ್ಪಿರಲಿಲ್ಲ. ಸುರಕ್ಷಿತ ದಿನಗಳ ಕ್ರಮದ ಬಗ್ಗೆ ಮಾತ್ರ ಕೊಂಚ ಮೃದುವಾಗಿದ್ದರು. ಸಚಿವೆಯಾದ ಶಿಷ್ಯೆ ಆ ಗೆರೆಯನ್ನು ದಾಟಲಿಲ್ಲ. ಒಬ್ಬರ ವ್ರತನಿಷ್ಠೆ ಕೋಟ್ಯಂತರ ಮನೆಗಳ ನೀತಿಯಾಗಬೇಕೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ತೆಗೆದಿರಿಸಿತು. ಸಚಿವೆಯ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ಸ್ಟೋನ್ ಎಲ್ಲ ವಿಧಾನಗಳನ್ನೂ ಬಲ್ಲವರು, ಸ್ಯಾಂಗರ್ ಅವರ ಒಡನಾಡಿ. ಆದರೆ ಇಲ್ಲಿ ಲಯ ವಿಧಾನವೊಂದನ್ನೇ ಕಲಿಸಬೇಕಿತ್ತು. ಮರುವರ್ಷ ಜಿನೀವಾದ ಆರೋಗ್ಯ ಮಹಾಸಭೆಯಲ್ಲಿ ಬೆಲ್ಜಿಯಂ, ಐರ್ಲೆಂಡ್ ಮೊದಲಾದ ಕಥೋಲಿಕ ದೇಶಗಳು ಕುಟುಂಬ ಯೋಜನೆಯ ಮಾತನ್ನೇ ವಿರೋಧಿಸಿದ್ದರಿಂದ ಸಂಸ್ಥೆಗೂ ಬೇರೆ ದಾರಿ ಉಳಿಯಲಿಲ್ಲ.

ದೆಹಲಿಯ ಲೋಧಿ ಕಾಲೋನಿ ಮತ್ತು ರಾಮನಗರದಲ್ಲಿ ಪ್ರಯೋಗ ನಡೆಯಿತು. ಮೊದಲು ಕೆಲವು ತಿಂಗಳು ಪ್ರತಿ ಹೆಣ್ಣಿನ ಮುಟ್ಟಿನ ದಿನಗಳನ್ನು ಬರೆದಿಟ್ಟು, ಆಕೆಯ ಲೆಕ್ಕಕ್ಕೆ ತಕ್ಕಂತೆ ಮಣಿ ಪೋಣಿಸಲಾಗುತ್ತಿತ್ತು. ಹೆಣ್ಣುಮಕ್ಕಳಲ್ಲಿ ಆಸಕ್ತಿಗೆ ಕೊರತೆಯಿರಲಿಲ್ಲ. ಹೆರಿಗೆಯ ಮೇಲೆ ಹೆರಿಗೆಯಿಂದ ಬಳಲಿದವರು ಕಲಿಯಲು ಮುಂದೆ ಬಂದರು. ಆದರೆ ಮಣಿ ಸರಿಸಲು ಮರೆತವರುಂಟು, ಹಿಮ್ಮುಖವಾಗಿ ಸರಿಸಿದವರುಂಟು, ಸರ ಧರಿಸಿದರೆ ಸಾಕು ಗರ್ಭ ನಿಲ್ಲದು ಎಂದು ನಂಬಿದವರೂ ಉಂಟು. ಇದನ್ನು ಅಜ್ಞಾನವೆಂದು ನಗುವುದು ಸುಲಭ. ಎದೆಹಾಲೂಡಿಸುವ, ರಕ್ತಹೀನತೆಯಿಂದ ನರಳುವ ತಾಯಂದಿರ ಋತುಚಕ್ರ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದು ನಿಜವಾದ ತೊಡಕು. ಅದಕ್ಕಿಂತ ದೊಡ್ಡದು, ಮಣಿ ಎಣಿಸುವವಳು ಹೆಂಡತಿ, ಒಪ್ಪಬೇಕಾದವನು ಗಂಡ. ಕೊನೆಯವರೆಗೆ ಪಾಲಿಸಿದವರು ಕೆಲವರೇ.

ಈ ಸೋಲಿನಿಂದ ಅಮೃತ್ ಕೌರ್ ಅವರನ್ನು ಅಳೆಯುವುದು ಅನ್ಯಾಯ. 1950ರಲ್ಲಿ ವಿಶ್ವ ಆರೋಗ್ಯ ಮಹಾಸಭೆಯ ಅಧ್ಯಕ್ಷತೆ ವಹಿಸಿದವರು, 1956ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದವರು ಅವರೇ. ಶಿಮ್ಲಾದ ತಮ್ಮ ಮನೆಯನ್ನೂ ಆ ಸಂಸ್ಥೆಗೆ ಕೊಟ್ಟರು. 1957ರಲ್ಲಿ ಖಾತೆಯು ಧಾರವಾಡದ ಡಿ.ಪಿ. ಕರಮರಕರ್ ಅವರ ಕೈಗೆ ಬಂದಿತು. ಮುಂದಿನ ವರ್ಷಗಳಲ್ಲಿ ಕುಟುಂಬ ಯೋಜನೆ ಶಸ್ತ್ರಚಿಕಿತ್ಸೆಯತ್ತ ಹೊರಳಿತು.

ಅಮೃತ್ ಕೌರ್ 1964ರಲ್ಲಿ ನಿಧನರಾದರು. ಕ್ರೈಸ್ತರಾಗಿದ್ದರೂ ಯಮುನೆಯ ದಡದಲ್ಲಿ ಅವರ ದಹನ ನಡೆಯಿತು. ನಾಲ್ಕು ವರ್ಷಗಳ ತರುವಾಯ 6ನೆಯ ಪೌಲ್ ತಮ್ಮ ವಿಶ್ವಪತ್ರದಲ್ಲಿ ಸಹಜ ವಿಧಾನವನ್ನಷ್ಟೇ ಮತ್ತೆ ಎತ್ತಿಹಿಡಿದರು. ಮಣಿಸರವೂ ಮರಳಿ ಬಂದಿತು: ಹೊಸ ಶತಮಾನದ ಆರಂಭದಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಬಣ್ಣದ ಮಣಿಗಳ ಸರವನ್ನೇ ಹೊಸ ಲೆಕ್ಕಾಚಾರದೊಂದಿಗೆ ರೂಪಿಸಿದರು. ಅದು ಯೇಸುಸಭೆಯ ಪಾದ್ರಿಗಳು ಸ್ಥಾಪಿಸಿದ ವಿಶ್ವವಿದ್ಯಾಲಯ.