ಮೈಸೂರು ಸೀಮೆಯನ್ನು ಅಳೆದ ಕರ್ನಲ್ ಮೆಕೆಂಜಿ

ಅಂಕಿ ಅಂಶಗಳನ್ನು ಕಣ್ಣಿಗೆ ಕಾಣುವ ಚಿತ್ರವನ್ನಾಗಿಸುವ ವಿದ್ಯೆಯನ್ನು ಇಂದು ಡೇಟಾ ವಿಷುಯಲೈಸೇಶನ್ ಎನ್ನುತ್ತಾರೆ. ನಿಮ್ಮಲ್ಲಿ ಕೆಲವರು ಅದನ್ನು ಕಾಲೇಜಿನಲ್ಲಿ ಕಲಿಯುತ್ತಲೂ ಇರಬಹುದು. ಅದು ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. 1786ರಲ್ಲೇ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ ವ್ಯಾಪಾರದ ಲೆಕ್ಕವನ್ನು ಗೆರೆ ಮತ್ತು ಕಂಬಗಳ ಚಿತ್ರವಾಗಿ ಅಚ್ಚು ಹಾಕಿಸಿದ್ದ. ಅದೇ ನಾಡಿನ, ಅದೇ ಕಾಲದ ಇನ್ನೊಬ್ಬ ನಮ್ಮ ಸೀಮೆಯೂ ಸೇರಿದಂತೆ ಇಡೀ ಮೈಸೂರು ರಾಜ್ಯವನ್ನು ಅಳೆದು ಕಾಗದಕ್ಕೆ ಇಳಿಸಿದ. ಅವನೇ ಕಾಲಿನ್ ಮೆಕೆಂಜಿ.

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ. ಅಲ್ಲಿ ಸುಂಕದ ಕಚೇರಿಯ ನೌಕರಿ ಮಾಡಿ, 1783ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೈನಿಕನಾಗಿ ಮದರಾಸಿಗೆ ಬಂದ. ಗಣಿತದಲ್ಲಿ ಆಸಕ್ತಿಯಿದ್ದುದರಿಂದ ಎಂಜಿನಿಯರುಗಳ ದಳ ಸೇರಿದ. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ನಿಜಾಮನ ಪಡೆಯೊಂದಿಗೆ ಇದ್ದ ಎಂಜಿನಿಯರ್ ಇವನೇ. ಮೇ 4ರಂದು ಟಿಪ್ಪು ಸುಲ್ತಾನರು ಮಡಿದರು. ಅದೇ ವರ್ಷ ಗೆದ್ದ ರಾಜ್ಯವನ್ನು ಅಳೆಯುವ ಕೆಲಸ ಮೆಕೆಂಜಿಯ ಪಾಲಿಗೆ ಬಂತು. ಗೆದ್ದವರಿಗೆ ಕಂದಾಯ ಬೇಕಿತ್ತು, ಗಡಿ ತಿಳಿಯಬೇಕಿತ್ತು. ನಕ್ಷೆ ಹುಟ್ಟಿದ್ದು ಆ ಅಗತ್ಯದಿಂದ. ಇದನ್ನು ಮರೆತು ಅವನನ್ನು ಬರೀ ವಿದ್ಯಾಪ್ರೇಮಿ ಎಂದು ಹೊಗಳುವುದು ಸರಿಯಲ್ಲ.

ಕೆಲಸದ ರೀತಿ ಹೀಗಿತ್ತು. ಮೊದಲು ನೆಲದ ಮೇಲೆ ಒಂದು ಗೆರೆಯನ್ನು ಕರಾರುವಾಕ್ಕಾಗಿ ಅಳೆಯುವುದು. ಅದರ ಎರಡು ತುದಿಗಳಿಂದಲೂ ದೂರದ ಒಂದು ಬೆಟ್ಟವನ್ನು ಥಿಯೊಡೊಲೈಟಿನಲ್ಲಿ ನೋಡಿ ಕೋನ ಗುರುತಿಸುವುದು. ಒಂದು ಬಾಹು, ಎರಡು ಕೋನ ಗೊತ್ತಾದರೆ ಉಳಿದ ದೂರವನ್ನು ನೀವೂ ಲೆಕ್ಕ ಹಾಕಬಲ್ಲಿರಿ. ಹೀಗೆ ತ್ರಿಕೋನಕ್ಕೆ ತ್ರಿಕೋನ ಸೇರಿಸಿ ನಾಡೆಲ್ಲ ಹರಡುವುದು. ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತು ಸುತ್ತ ನೋಡಿದವರಿಗೆ ಈ ಉಪಾಯ ಬೇಗ ಅರ್ಥವಾದೀತು. ಕಾಡುಜ್ವರ ಸಿಬ್ಬಂದಿಯನ್ನು ಮತ್ತೆ ಮತ್ತೆ ಮಲಗಿಸಿತು. ಕಂಪೆನಿ ಖರ್ಚಿಗೆ ಕತ್ತರಿ ಹಾಕಿತು. ಆದರೂ 1810ರ ಹೊತ್ತಿಗೆ ಸುಮಾರು 40,000 ಚದರ ಮೈಲಿಯ ಅಳತೆ ಮುಗಿದಿತ್ತು. ಆಗ ನಮ್ಮ ಜಿಲ್ಲಾ ಕೇಂದ್ರದ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಚಾಮರಾಜನಗರ ಎಂದು ಕರೆದದ್ದು 1818ರಲ್ಲಿ.

ಬೆಟ್ಟ, ಹೊಳೆ, ದಾರಿ ಇಷ್ಟಕ್ಕೇ ಮೆಕೆಂಜಿ ನಿಲ್ಲಲಿಲ್ಲ. ಊರು, ಕೆರೆ, ಮನೆ, ಜಾತಿಗಳ ಪಟ್ಟಿ ಮಾಡಿಸಿದ. ಊರ ಹಿರಿಯರಿಂದ ಊರಿನ ಚರಿತ್ರೆ ಬರೆಸಿಕೊಂಡ. ಅವುಗಳಿಗೆ ಕೈಫಿಯತ್ತು ಎಂದು ಹೆಸರು. ಉರ್ದು ಬಲ್ಲ ನಿಮಗೆ ಈ ಮಾತು ಹೊಸದಲ್ಲ. ಅವನಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಮೊದಲಾದವರೇ ಅವನ ಕಿವಿ ಮತ್ತು ನಾಲಿಗೆ. ನನ್ನ ಎಣಿಕೆಯಲ್ಲಿ ಆ ಸಂಗ್ರಹದ ಅರ್ಧ ಕೀರ್ತಿ ಇವರದು.

ಇಲ್ಲಿ ನಮ್ಮ ಊರಿನ ಕಥೆಯೊಂದಿದೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಜೈನರ ಪುಣ್ಯಕ್ಷೇತ್ರ. 1804ರ ಸುಮಾರಿಗೆ ಮೆಕೆಂಜಿ ಅಲ್ಲಿಗೆ ಬಂದಾಗ ಸ್ಥಳದ ಪೂರ್ವಕಥೆ ಹೇಳಲು ದೇವಚಂದ್ರನೆಂಬ ತರುಣ ಪಂಡಿತ ಸಿಕ್ಕ. ಅವನನ್ನು ಮೆಕೆಂಜಿ ಕೆಲಕಾಲ ತನ್ನ ಜೊತೆಗೇ ಇಟ್ಟುಕೊಂಡು ವಿಷಯ ಕೇಳಿ ತಿಳಿದ. ಆ ಪ್ರಶ್ನೆಗಳು ದೇವಚಂದ್ರನ ತಲೆಯಲ್ಲಿ ಉಳಿದವು. ಮುಂದೆ 1838ರ ಹೊತ್ತಿಗೆ ಅವನು ಬರೆದ ‘ರಾಜಾವಳೀ ಕಥೆ’ಯನ್ನು ಬಿ.ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು ವಿವರಿಸಲು ಬಳಸಿಕೊಂಡರು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು 1898ರಲ್ಲಿ ರೈಸ್ ಅವರದೇ ‘ಎಪಿಗ್ರಾಫಿಯಾ ಕರ್ನಾಟಿಕ’ದ 4ನೇ ಸಂಪುಟದಲ್ಲಿ ಅಚ್ಚಾದವು.

ಮೆಕೆಂಜಿ ತಾನೇ ಅಚ್ಚು ಹಾಕಿಸಿದ್ದು ಬಹಳ ಕಡಿಮೆ. ‘ಏಷಿಯಾಟಿಕ್ ರಿಸರ್ಚಸ್’ನ 9ನೇ ಸಂಪುಟದಲ್ಲಿ ಜೈನರ ಬಗೆಗಿನ ಬರಹ ಬಂತು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್‌ಗೆ ಸಾಮಗ್ರಿ ಒದಗಿದ್ದು ಇವನ ಸಂಗ್ರಹದಿಂದಲೇ. 1815ರಲ್ಲಿ ಅವನು ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಸಂಗ್ರಹದ ಪಟ್ಟಿಯನ್ನು ತಾನೇ ಸಿದ್ಧಪಡಿಸುವ ಆಸೆ ಕೈಗೂಡುವ ಮೊದಲೇ 1821ರ ಮೇ 8ರಂದು ಕಲ್ಕತ್ತೆಯ ಬಳಿ ತೀರಿಕೊಂಡ. ಸುಮಾರು ಒಂದೂವರೆ ಸಾವಿರ ಹಸ್ತಪ್ರತಿ, 8 ಸಾವಿರಕ್ಕೂ ಹೆಚ್ಚು ಶಾಸನಗಳ ನಕಲು, ನಾಣ್ಯ, ಚಿತ್ರಗಳನ್ನೆಲ್ಲ ಕಂಪೆನಿ ಅವನ ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಅದರ ಪಟ್ಟಿಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದರು. ಮೂಲ ಹಸ್ತಪ್ರತಿಗಳಲ್ಲಿ ಒಂದು ಭಾಗ ಚೆನ್ನೈನ ಸರ್ಕಾರಿ ಓರಿಯೆಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿದೆ, ಇನ್ನೊಂದು ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.